ಮುಗಿದ ಗೋಡೆಗೆ ಹೊಸ ವೈರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟವನ್ನು ತೋಡಿಕೊಂಡಿವೆ. ಮನೆ ಕಟ್ಟಿ ಮುಗಿದಿದೆ, ಬಣ್ಣ ಬಳಿದಾಗಿದೆ, ಈಗ ಹೊಸದೊಂದು ಪಾಯಿಂಟ್ ಬೇಕು, ಗೋಡೆ ಒಡೆಯಲು ಮಾತ್ರ ಯಾರಿಗೂ ಮನಸ್ಸಿಲ್ಲ. ಹಾಗಾಗಿ ಫ್ಯಾನಿನ ಗುಂಯ್ ಸದ್ದಿನ ಪತ್ರಗಳನ್ನೆಲ್ಲ ಮುಂದಿನ ತಿಂಗಳಿಗೆ ದಾಟಿಸಿ, ಈ ಸಲ ವೈರು ಎಳೆಯುವ ಸಲಕರಣೆಗಳ ಮಾತನ್ನೇ ಎತ್ತಿಕೊಂಡಿದ್ದೇನೆ. ನಾವು ಸ್ಪ್ರಿಂಗ್ ಎನ್ನುವುದು ಪೈಪಿನೊಳಗೆ ತೂರಿಸಿ ವೈರನ್ನು ಎಳೆದು ತರುವ, ಸುರುಳಿ ಸುತ್ತಿಟ್ಟ ಉದ್ದನೆಯ ಬಳುಕುವ ಉಕ್ಕಿನ ಪಟ್ಟಿ. ನಾನು ಈ ಕೆಲಸದಲ್ಲಿ 38 ವರ್ಷ ಕಳೆದವನು. ಮೊದಲ ಆರು ವರ್ಷ ನನ್ನನ್ನು ಬರೀ ಅಟ್ಟಕ್ಕೆ ಹತ್ತಿಸುತ್ತಿದ್ದರು, ಏಕೆಂದರೆ ತಂಡದಲ್ಲಿ ಎಲ್ಲರಿಗಿಂತ ಸಣಕಲ ನಾನೇ. ಈಗ ಮಂಡಿ ಮಡಚಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರಶ್ನೆ: ಗೋಡೆಯೊಳಗೆ ಮೊದಲೇ ಪೈಪು ಹಾಕಿಸಿದ್ದೆವು. ಈಗ ವೈರು ಎಳೆಯಲು ಉಕ್ಕಿನ ಸ್ಪ್ರಿಂಗ್ ಬಿಟ್ಟರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಕೆಲಸಕ್ಕೆ ಬಂದವರು ಗೋಡೆ ಒಡೆಯಲೇಬೇಕು ಎನ್ನುತ್ತಿದ್ದಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇರಬಹುದು. ಸ್ಪ್ರಿಂಗ್ ಎಲ್ಲಿ ನಿಂತಿದೆ ಎಂದು ಗೊತ್ತಾಗುವ ತನಕ ಸುತ್ತಿಗೆಯನ್ನು ಯಾರ ಕೈಗೂ ಕೊಡಬೇಡಿ. ಅದು ನಿಂತ ಕೂಡಲೇ, ಪೈಪು ಬಂದು ಸೇರುವ ಸ್ವಿಚ್ ಬಾಕ್ಸಿನ ಬಾಯಿಯ ಮಟ್ಟದಲ್ಲಿ ಸ್ಪ್ರಿಂಗಿನ ಮೇಲೆ ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಸುತ್ತಿ ಹೊರಗೆಳೆಯಿರಿ. ಪೈಪು ಹೋಗಿರುವ ದಾರಿಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡು, ಟೇಪಿನ ಗುರುತು ಬಾಕ್ಸಿನ ಅಂಚಿಗೆ ಬರುವಂತೆ ಆ ಗೆರೆಯುದ್ದಕ್ಕೂ ಸ್ಪ್ರಿಂಗನ್ನು ಹಿಡಿಯಿರಿ. ಅದರ ತುದಿ ಎಲ್ಲಿಗೆ ಮುಟ್ಟುತ್ತದೋ ಅಡ್ಡಿ ಅಲ್ಲಿದೆ. ಇನ್ನೊಂದು ಬಾಕ್ಸಿನ ಕಡೆಯಿಂದಲೂ ಹೀಗೆಯೇ ಮಾಡಿ. ಎರಡು ಗುರುತುಗಳೂ ಒಂದೆಡೆ ಕೂಡಿದರೆ ತಡೆ ಚಿಕ್ಕದು. ಒಡೆಯುವುದೇ ಅನಿವಾರ್ಯವಾದರೂ ಅಂಗೈಯಗಲ ಸಾಕು. ನಡುವೆ ಒಂದಡಿ ಉಳಿದುಕೊಂಡರೆ ಅಷ್ಟುದ್ದ ಸಿಮೆಂಟಿನ ಹಾಲು ಇಳಿದು ಗಟ್ಟಿಯಾಗಿರಬೇಕು, ಇಲ್ಲವೇ ಪೈಪೇ ಜಜ್ಜಿಹೋಗಿರಬೇಕು.

ಆದರೆ ಅಡ್ಡಿ ಎನ್ನುವುದೆಲ್ಲ ಅಡ್ಡಿಯಲ್ಲ. ಸ್ಪ್ರಿಂಗ್ ಸಿಮೆಂಟಿಗೆ ಬಡಿದರೆ ಕೈಗೆ ಟಕ್ಕೆಂದು ಗೊತ್ತಾಗುತ್ತದೆ, ಎಷ್ಟು ಸಲ ತಳ್ಳಿದರೂ ಅದೇ ಟಕ್ಕು. ಬೆಂಡಿನಲ್ಲಿ ಸಿಕ್ಕಿಕೊಂಡದ್ದಾದರೆ ತಳ್ಳಿದಾಗ ಬೆರಳಗಲ ಒಳಗೆ ಹೋಗಿ, ಬಿಟ್ಟಾಗ ಹಿಂದಕ್ಕೆ ಒದೆಯುತ್ತದೆ. ಈ ಎರಡರ ವ್ಯತ್ಯಾಸ ಒಮ್ಮೆ ಕೈಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಒದೆಯುತ್ತಿದ್ದರೆ ನಿಮ್ಮ ಪೈಪು ಸರಿಯಾಗಿಯೇ ಇದೆ, ತುದಿ ಮಾತ್ರ ತಿರುವನ್ನು ಹತ್ತುತ್ತಿಲ್ಲ. ಒಂದು ಗೇಣು ಹಿಂದಕ್ಕೆಳೆದು, ಸ್ಪ್ರಿಂಗನ್ನು ಅರ್ಧ ಸುತ್ತು ತಿರುಚಿ, ಮತ್ತೆ ಮೆಲ್ಲಗೆ ಬಿಡಿ. ನಾಲ್ಕಾರು ಸಲ ಬೇರೆ ಬೇರೆ ಕೋನದಲ್ಲಿ ಪ್ರಯತ್ನಿಸಿ. ಜೋರಾಗಿ ಗುದ್ದುವುದರಿಂದ ತುದಿ ಬೆಂಡಿನ ಗೋಡೆಗೆ ಇನ್ನಷ್ಟು ನಾಟಿಕೊಳ್ಳುತ್ತದೆ, ಅಷ್ಟೆ.

ತುದಿಯನ್ನೂ ನೋಡಿಕೊಳ್ಳಿ. ಕತ್ತರಿಸಿ ಹಾಗೆಯೇ ಬಿಟ್ಟ ಚೂಪು ತುದಿಯಿದ್ದರೆ ಪೈಪಿನ ಪ್ರತಿ ಜೋಡಣೆಯಲ್ಲೂ ಸಿಕ್ಕಿಕೊಳ್ಳುತ್ತದೆ. ಅದನ್ನು ಚಿಕ್ಕ ಕೊಕ್ಕೆಯಾಗಿ ಹಿಂದಕ್ಕೆ ಮಡಚಿ, ಮೂತಿ ದುಂಡಗೆ ಮಾಡಿ. ಗಟ್ಟಿ ಉಕ್ಕನ್ನು ತಣ್ಣಗಿರುವಾಗ ಮಡಚಿದರೆ ಮುರಿಯುತ್ತದೆ. ತುದಿಯ ಎರಡು ಅಂಗುಲವನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಾನಾಗಿಯೇ ಆರಲು ಬಿಟ್ಟು ಆಮೇಲೆ ಮಡಚಬೇಕು. ನೀರಿಗೆ ಅದ್ದಿದರೆ ಮತ್ತೆ ಪೆಡಸಾಗುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಈ ಕೊಕ್ಕೆಗೆ ಇಡೀ ಒಂದು ಬೆಳಗ್ಗೆ ಕೂರಿಸಿದ್ದರು. ಆಗ ಸಿಟ್ಟು ಬಂದಿತ್ತು.

ಒಂದೇ ಕಡೆಯಿಂದ ಹೋಗದಿದ್ದರೆ ಎರಡೂ ಕಡೆಯಿಂದ ಒಂದೊಂದು ಸ್ಪ್ರಿಂಗ್ ಬಿಟ್ಟು ನಡುವೆ ಕೊಕ್ಕೆಗೆ ಕೊಕ್ಕೆ ಸಿಕ್ಕಿಸಬಹುದು. ಒಬ್ಬರು ಹಿಡಿದು ನಿಲ್ಲಬೇಕು, ಇನ್ನೊಬ್ಬರು ತಿರುಚುತ್ತಾ ಹೋಗಬೇಕು. ಕೊಕ್ಕೆ ಹಿಡಿದಾಗ ಆ ತಿರುಚು ಎದುರಿನವರ ಕೈಗೆ ಮುಟ್ಟುತ್ತದೆ. ಕೊನೆಯದಾಗಿ, ಎರಡು ಬಾಕ್ಸುಗಳ ನಡುವೆ ಎಷ್ಟು ಬೆಂಡುಗಳಿವೆ ಎಂದು ಎಣಿಸಿ. ಅಮೆರಿಕದ ವಿದ್ಯುತ್ ಸಂಹಿತೆಯ ಪ್ರಕಾರ ತಿರುವುಗಳ ಮೊತ್ತ 360 ಡಿಗ್ರಿ ಮೀರುವಂತಿಲ್ಲ, ಎಂದರೆ ಪೂರ್ತಿ ಮೊಣಕೈ ಬೆಂಡು ನಾಲ್ಕೇ ನಾಲ್ಕು. ನನ್ನ ತೋಳಿನ ಲೆಕ್ಕದಲ್ಲಿ ಮೂರನೆಯದೇ ಬೆವರಿಳಿಸುತ್ತದೆ. ನಿಮ್ಮದು ಐದಿದ್ದರೆ ಸ್ಪ್ರಿಂಗನ್ನು ದೂರಬೇಡಿ, ನಡುವೆ ಒಂದು ಜಂಕ್ಷನ್ ಬಾಕ್ಸ್ ಹಾಕಿಸಿ.

ಪ್ರಶ್ನೆ: ಸ್ಪ್ರಿಂಗ್ ಸಲೀಸಾಗಿ ಆಚೆ ಬರುತ್ತದೆ. ವೈರು ಕಟ್ಟಿ ವಾಪಸ್ಸು ಎಳೆಯುವಾಗ ನಡುವೆ ಕಳಚಿಕೊಳ್ಳುತ್ತದೆ. ಮೂರು ಸಲ ಹೀಗಾಯಿತು. ಗಂಟು ದಪ್ಪ ಮಾಡಿದೆ, ಆಗ ಸಿಕ್ಕಿಹಾಕಿಕೊಂಡಿತು.

ಉತ್ತರ: ಗಂಟು ಹಾಕಿದ್ದೇ ತಪ್ಪು. ಪೈಪಿನೊಳಗೆ ಹೋಗಬೇಕಾದದ್ದು ಗಂಟಲ್ಲ, ಮೂಲಂಗಿಯ ಬಾಲ. ಮುಂದೆ ಸಣ್ಣಗೆ, ಹಿಂದಕ್ಕೆ ಹೋದಂತೆ ಮೆಲ್ಲಗೆ ದಪ್ಪ.

ಮೂರು ವೈರುಗಳಿವೆ ಎಂದುಕೊಳ್ಳೋಣ. ಮೂರರ ಹೊದಿಕೆಯನ್ನೂ ಹತ್ತು ಸೆಂಟಿಮೀಟರಿನಷ್ಟು ಸುಲಿಯಿರಿ. ಮೊದಲ ವೈರಿನ ತಾಮ್ರವನ್ನಷ್ಟೇ ಸ್ಪ್ರಿಂಗಿನ ಕೊಕ್ಕೆಯೊಳಗೆ ತೂರಿಸಿ, ಹಿಂದಕ್ಕೆ ಮಡಚಿ, ತನ್ನ ಮೈಗೇ ಬಿಗಿಯಾಗಿ ಸುತ್ತಿ. ಎರಡನೆಯದನ್ನು ಕೊಕ್ಕೆಗೆ ಹಾಕಬೇಡಿ. ಅದರ ತಾಮ್ರವನ್ನು ಎರಡು ಬೆರಳಗಲ ಹಿಂದೆ, ಮೊದಲ ವೈರಿನ ತಾಮ್ರಕ್ಕೆ ಸುತ್ತಿ. ಮೂರನೆಯದನ್ನು ಇನ್ನೂ ಎರಡು ಬೆರಳಗಲ ಹಿಂದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರೆ ಯಾವ ಜಾಗದಲ್ಲೂ ಒಮ್ಮೆಗೇ ದಪ್ಪವಾಗುವುದಿಲ್ಲ. ಚಾಚಿಕೊಂಡ ಎಳೆಗಳನ್ನು ಇಕ್ಕಳದಿಂದ ಒತ್ತಿ, ಉಳಿದ ತುಂಡುಗಳನ್ನು ಕತ್ತರಿಸಿ ಹಾಕಿ.

ಇನ್ನು ಟೇಪು. ಬಹಳ ಜನ ಸ್ಪ್ರಿಂಗಿನ ಕಡೆಯಿಂದ ಸುತ್ತಲು ಶುರುಮಾಡಿ ವೈರಿನ ಕಡೆಗೆ ಬರುತ್ತಾರೆ. ಅದನ್ನು ತಿರುಗಿಸಿ ಮಾಡಿ. ಹಂಚು ಹೊದಿಸುವವರನ್ನು ನೋಡಿದ್ದೀರಲ್ಲ? ಸೂರಿನಿಂದ ಶುರುಮಾಡಿ ನೆತ್ತಿಗೆ ಹೋಗುತ್ತಾರೆ. ಮೇಲಿನ ಹಂಚಿನ ಅಂಚು ಕೆಳಗಿನದರ ಮೇಲೆ ಕೂರುತ್ತದೆ, ನೀರು ಎಲ್ಲೂ ತಡೆಯದೆ ಇಳಿಯುತ್ತದೆ. ಹಾಗೆಯೇ ಟೇಪನ್ನು ವೈರಿನ ಕಡೆಯಿಂದ ಮೂತಿಯ ಕಡೆಗೆ, ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುವಂತೆ ಎಳೆದೆಳೆದು ಸುತ್ತಬೇಕು. ಆಗ ಅಂಚುಗಳೆಲ್ಲ ಹಿಂದಕ್ಕೆ ಮುಖ ಮಾಡಿರುತ್ತವೆ, ಪೈಪಿನ ಯಾವ ಜೋಡಣೆಯೂ ಅವನ್ನು ಎಬ್ಬಿಸಲಾರದು. ಕಟ್ಟಿದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳುಗಳ ನಡುವೆ ಮೂತಿಯಿಂದ ಹಿಂದಕ್ಕೆ ಸವರಿ. ಉಗುರಿಗೆ ಏನಾದರೂ ತಡೆದರೆ ಪೈಪಿಗೂ ತಡೆಯುತ್ತದೆ, ಬಿಚ್ಚಿ ಮತ್ತೆ ಕಟ್ಟಿ.

ಎಳೆಯಲು ಇಬ್ಬರು ಬೇಕು. ಎಳೆಯುವವರಿಗಿಂತ ಆಚೆ ಕಡೆ ವೈರು ಉಣಿಸುವವರ ಕೆಲಸ ದೊಡ್ಡದು. ಮೂರೂ ವೈರುಗಳನ್ನು ಬೆರಳುಗಳ ನಡುವೆ ಬೇರೆ ಬೇರೆಯಾಗಿ ಹಿಡಿದು, ಹೆಣೆದುಕೊಳ್ಳದಂತೆ, ಬಾಕ್ಸಿನ ಚೂಪು ಅಂಚಿಗೆ ಉಜ್ಜದಂತೆ ಒಳಗೆ ಬಿಡುತ್ತಿರಬೇಕು. ವೈರಿನ ಜೊತೆಗೆ ಒಂದು ನೈಲಾನ್ ಹುರಿಯನ್ನೂ ಎಳೆದು ಪೈಪಿನಲ್ಲೇ ಬಿಟ್ಟುಬಿಡಿ. ಮುಂದೆ ಇನ್ನೊಂದು ವೈರು ಬೇಕಾದಾಗ ಈ ರಗಳೆಯೇ ಇರುವುದಿಲ್ಲ. ಹಳೆಯ ವೈರು ಬದಲಿಸುವಾಗಲೂ ಅಷ್ಟೇ, ಹಳೆಯದನ್ನು ಕಿತ್ತು ಬಿಸಾಡಿ ಆಮೇಲೆ ಸ್ಪ್ರಿಂಗ್ ಹುಡುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಹಳೆಯ ವೈರೇ ನಿಮ್ಮ ಸ್ಪ್ರಿಂಗ್.

ಪ್ರಶ್ನೆ: ಒಂದು ಪೈಪಿನಲ್ಲಿ ಎಷ್ಟು ವೈರು ತುರುಕಬಹುದು?

ಉತ್ತರ: ತುರುಕುವ ಮಾತೇ ಬೇಡ. ಮೂರು ಅಥವಾ ಹೆಚ್ಚು ವೈರುಗಳಿದ್ದರೆ ಪೈಪಿನ ಒಳಜಾಗದ 40 ಶೇಕಡಾ ಮಾತ್ರ ತುಂಬಬೇಕು ಎಂಬ ಲೆಕ್ಕ ರೂಢಿಯಲ್ಲಿದೆ. ಪೈಪಿನ ಒಳವ್ಯಾಸ 16 ಮಿಲಿಮೀಟರ್ ಎಂದುಕೊಳ್ಳಿ, ಒಳಜಾಗ ಸುಮಾರು 200 ಚದರ ಮಿಲಿಮೀಟರ್, ಅದರ 40 ಶೇಕಡಾ ಎಂದರೆ 80. ಹೊದಿಕೆ ಸೇರಿ 4 ಮಿಲಿಮೀಟರ್ ದಪ್ಪದ ವೈರು ಒಂದೊಂದೂ ಹನ್ನೆರಡೂವರೆ ಚದರ ಮಿಲಿಮೀಟರ್ ನುಂಗುತ್ತದೆ. ಆರಕ್ಕೆ ನಿಲ್ಲಿಸಿ. ಎಳೆಯಲು ಕಷ್ಟವೆಂಬುದು ಇದಕ್ಕೆ ಒಂದು ಕಾರಣವಷ್ಟೇ. ಒತ್ತೊತ್ತಾಗಿ ಮಲಗಿದ ವೈರುಗಳ ಬಿಸಿ ಹೊರಗೆ ಹೋಗುವುದಿಲ್ಲ, ಒಂದೊಂದೂ ಹೊರಬಹುದಾದ ಕರೆಂಟು ಕಡಿಮೆಯಾಗುತ್ತದೆ.

ಪ್ರಶ್ನೆ: ಎರಡು ತಿಂಗಳ ಹಿಂದೆ ನೀವು ವೈರು ಜಾರಲು ಸೋಪಿನ ನೀರು ಹಚ್ಚಿ ಎಂದು ಬರೆದಿದ್ದಿರಿ. ನನ್ನ ಮಗ ಈ ವಿಷಯ ಓದಿಕೊಂಡವನು, ಅದು ತಪ್ಪು ಎನ್ನುತ್ತಾನೆ. ಯಾರ ಮಾತು ನಂಬಲಿ?

ಉತ್ತರ: ಮಗನ ಮಾತು. ಹಳೆಯ ಚಾಳಿ ಪೆನ್ನಿನಿಂದ ಜಾರಿಬಿಟ್ಟಿತು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪಾತ್ರೆ ಸೋಪಿನಲ್ಲಿ ಲವಣಗಳಿರುತ್ತವೆ, ಲೋಹಕ್ಕೆ ತುಕ್ಕು ತರುತ್ತವೆ. ಅದು ಒಣಗಿದ ಮೇಲೆ ಅಂಟಾಗಿ ವೈರುಗಳನ್ನು ಪೈಪಿಗೆ ಹಿಡಿದುಕೊಳ್ಳುತ್ತದೆ. ಹತ್ತು ವರ್ಷದ ಬಳಿಕ ಬದಲಿಸಲು ಬಂದವನು ನಿಮ್ಮನ್ನೂ ನನ್ನನ್ನೂ ಶಪಿಸುತ್ತಾನೆ. ಗ್ರೀಸ್, ಎಂಜಿನ್ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಇವಂತೂ ಬೇಡವೇ ಬೇಡ, ವೈರಿನ ಹೊದಿಕೆಯನ್ನೇ ಕೆಡಿಸುತ್ತವೆ. ವೈರು ಎಳೆಯಲೆಂದೇ ಮಾಡಿದ ನೀರಿನ ಜೆಲ್ ಸಿಗುತ್ತದೆ. ಸಣ್ಣ ಕೆಲಸಕ್ಕೆ ಟಾಲ್ಕ್ ಪುಡಿ ಸಾಕು. ಮೊದಲ ಎರಡು ಮೀಟರಿಗೂ ಮೂತಿಗೂ ಧಾರಾಳವಾಗಿ ಹಚ್ಚಿ.

ಪ್ರಶ್ನೆ: ನಮ್ಮದು ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದ ಗೋಡೆ. ಪೈಪು ಇಲ್ಲ. ಅಟ್ಟದಿಂದ ಕೆಳಗಿನ ಕೋಣೆಗೆ ಕೇಬಲ್ ಇಳಿಸಬೇಕು. ಉಕ್ಕಿನ ಸ್ಪ್ರಿಂಗ್ ಬಿಟ್ಟರೆ ಗೋಡೆಯೊಳಗೆ ಎಲ್ಲೋ ಸುತ್ತಿಕೊಳ್ಳುತ್ತದೆ, ಹೊರಗೆ ಬರುವುದೇ ಇಲ್ಲ.

ಉತ್ತರ: ಬರುವುದಿಲ್ಲ. ಸುರುಳಿಯಲ್ಲಿ ಹುಟ್ಟಿ ಬೆಳೆದದ್ದು, ಪೈಪಿನ ಹಿಡಿತ ತಪ್ಪಿದ ಕೂಡಲೇ ಮತ್ತೆ ಸುರುಳಿಯಾಗುತ್ತದೆ. ಟೊಳ್ಳು ಗೋಡೆಗೆ ಬೇಕಾದದ್ದು ಫೈಬರ್‌ಗ್ಲಾಸ್ ಸರಳುಗಳು. ಒಂದೊಂದೂ ಸುಮಾರು ಒಂದು ಮೀಟರ್ ಉದ್ದ, ತಿರುಪಿನಿಂದ ಒಂದಕ್ಕೊಂದು ಜೋಡಿಸುತ್ತಾ ಹೋಗಬಹುದು. ತುದಿಗೆ ಕೊಕ್ಕೆ, ಕಣ್ಣು, ಅಯಸ್ಕಾಂತ ಯಾವುದು ಬೇಕೋ ಅದನ್ನು ತಿರುಪಬಹುದು. ಕೆಲವು ಕತ್ತಲಲ್ಲಿ ಹಸಿರಾಗಿ ಮಿನುಗುತ್ತವೆ. ಅದನ್ನು ನಾನು ಮೊದಮೊದಲು ಆಟಿಕೆ ಎಂದು ನಕ್ಕಿದ್ದೆ, ಅಟ್ಟದ ಮೂಲೆಯಲ್ಲಿ ಸರಳಿನ ತುದಿಗಾಗಿ ಅರ್ಧ ಗಂಟೆ ತಡಕಾಡಿದ ದಿನ ನಗು ನಿಂತಿತು.

ಮೊದಲ ಕಷ್ಟ ಸಲಕರಣೆಯದಲ್ಲ, ಅಟ್ಟದಲ್ಲಿ ನಿಂತಾಗ ಕೆಳಗಿನ ಗೋಡೆ ಎಲ್ಲಿದೆ ಎಂದು ತಿಳಿಯುವುದು. ಕೆಳಗೆ ಅಷ್ಟು ಸ್ಪಷ್ಟವಾಗಿದ್ದ ಮನೆ ಮೇಲಿನಿಂದ ನೋಡಿದರೆ ಬರೀ ತೊಲೆಗಳ ಸಾಲು. ನಾನು ಮಾಡುವುದು ಇಷ್ಟು: ವೈರು ಇಳಿಯಬೇಕಾದ ಜಾಗದ ನೇರಕ್ಕೆ, ಗೋಡೆಗೆ ತಾಗಿದಂತೆ, ಸೀಲಿಂಗಿನಲ್ಲಿ 3 ಮಿಲಿಮೀಟರಿನ ತೂತು ಕೊರೆದು ಒಂದು ಗಟ್ಟಿ ತಂತಿಯನ್ನು ಮೇಲಕ್ಕೆ ನಿಲ್ಲಿಸುತ್ತೇನೆ. ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟರೆ, ಬಿಸಿ ತಡೆಯಲು ಹಾಸಿದ ನಿರೋಧಕ ಹತ್ತಿಯ ನಡುವೆ ಆ ತಂತಿ ಬಿದಿರ ಮೊಳಕೆಯಂತೆ ಎದ್ದು ನಿಂತಿರುತ್ತದೆ. ಅಲ್ಲಿಂದ ಗೋಡೆಯ ದಿಕ್ಕಿಗೆ ಅದರ ದಪ್ಪದ ಅರ್ಧ ಅಳತೆ ಸರಿದರೆ ಗೋಡೆಯ ನೆತ್ತಿಯ ಅಡ್ಡಮರ ಸಿಗುತ್ತದೆ. ಅದನ್ನು 18 ಅಥವಾ 20 ಮಿಲಿಮೀಟರಿನ ಬೈರಿಗೆಯಿಂದ ಕೊರೆಯಿರಿ. ಸೀಲಿಂಗಿನ ತೂತಿಗೆ ಆಮೇಲೆ ಒಂದು ಚಿಟಿಕೆ ಪುಟ್ಟಿ ಸಾಕು.

ಆಮೇಲೆ ಕೆಳಗೆ ಬಾಕ್ಸ್ ಕೂರಿಸಲು ಬೋರ್ಡ್ ಕತ್ತರಿಸಿ. ಅದಕ್ಕೂ ಮುಂಚೆ ಅಲ್ಲಿ ನಿಲುಮರ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅಯಸ್ಕಾಂತವೊಂದನ್ನು ಗೋಡೆಯ ಮೇಲೆ ಸವರಿದರೆ ಬೋರ್ಡಿನ ಸ್ಕ್ರೂಗಳ ಮೇಲೆ ಹಿಡಿದುಕೊಳ್ಳುತ್ತದೆ, ಸ್ಕ್ರೂ ಸಾಲು ಇರುವಲ್ಲಿ ಮರ ಇದೆ. ಇಂಥ ಗೋಡೆಗಳಲ್ಲಿ ನಿಲುಮರಗಳ ಅಂತರ ಸಾಮಾನ್ಯವಾಗಿ 40 ಇಲ್ಲವೇ 60 ಸೆಂಟಿಮೀಟರಿನ ಆಸುಪಾಸು. ಈಗ ಮೇಲಿನ ತೂತಿನಿಂದ ಹುರಿಗೆ ಕಟ್ಟಿದ ಉಕ್ಕಿನ ಮಣಿಸರ ಇಳಿಬಿಟ್ಟು, ಕೆಳಗಿನ ಬಾಯಿಯಿಂದ ಅಯಸ್ಕಾಂತದ ಕಡ್ಡಿ ತೂರಿಸಿದರೆ ಅದು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಒಳಗೆ ಹತ್ತಿ ತುಂಬಿದ ಗೋಡೆಯಲ್ಲಿ ಮಣಿಸರ ಇಳಿಯುವುದಿಲ್ಲ, ಸರಳನ್ನೇ ಬಿಡಿ. ಕೇಬಲ್ ಇಳಿದ ಮೇಲೆ ಕೊರೆದ ತೂತನ್ನು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಿ. ಹಾಗೇ ಬಿಟ್ಟರೆ ಅದು ಬೆಂಕಿಗೆ ಚಿಮಣಿ.

ಅಟ್ಟದಲ್ಲಿ ಕಾಲಿಡುವುದು ತೊಲೆಯ ಮೇಲೆ ಮಾತ್ರ. ನಡುವೆ ಇರುವುದು ಅರ್ಧ ಅಂಗುಲದ ಜಿಪ್ಸಮ್ ಬೋರ್ಡ್, ಅದು ಮನುಷ್ಯನನ್ನು ಹೊರುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲ. ಕೆಲಸ ಕಲಿತ ಎರಡನೆಯ ವರ್ಷ ಕೈಚೀಲ ಎಳೆದುಕೊಳ್ಳಲು ಬಗ್ಗಿದವನ ಎಡಗಾಲು ಸೀಲಿಂಗನ್ನು ತೂರಿ ತೊಡೆಯವರೆಗೆ ಕೆಳಗಿಳಿಯಿತು. ಕೆಳಗೆ ಮನೆಯ ಅಜ್ಜಿ ಹಾಸಿಗೆಯಲ್ಲಿ ಒರಗಿ ಏನನ್ನೋ ಓದುತ್ತಿದ್ದರು. ಮೇಲಿನಿಂದ ಇಳಿದ ಕಾಲನ್ನು ನೋಡಿ ಅವರು ಕೇಳಿದ್ದು, "ಇನ್ನೊಂದು ಎಲ್ಲಪ್ಪಾ?" ಅಂದಿನಿಂದ ಎರಡು ಮೂರು ತೊಲೆಗಳ ಮೇಲೆ ಹಲಗೆ ಹಾಸದೆ ನಾನು ಅಟ್ಟದಲ್ಲಿ ತೆವಳಿಲ್ಲ. ತಲೆದೀಪ, ಮುಖಕ್ಕೆ ಮಾಸ್ಕ್, ತುಂಬುತೋಳಿನ ಅಂಗಿ ಇರಲಿ. ಬಿಸಿಲಿನ ಹೊತ್ತಿನಲ್ಲಿ ಅಟ್ಟ ಒಲೆಯಾಗುತ್ತದೆ, ಬೆಳಗ್ಗೆಯೇ ಮುಗಿಸಿ. ಹಳೆಯ ಮನೆಯ ಅಟ್ಟದಲ್ಲಿ ಬೂದು ಕಂದು ಬಣ್ಣದ ಹೊಳೆಯುವ ಹರಳುಗಳಂಥ ನಿರೋಧಕ ಕಂಡರೆ ಕೆದಕದೆ ಇಳಿದುಬಿಡಿ. ಅದು ವರ್ಮಿಕ್ಯುಲೈಟ್ ಇರಬಹುದು, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿರುವ ಸಾಧ್ಯತೆ ಇದೆ. ಥರ್ಮಾಕೋಲ್ ಹಾಳೆ ಹಾಸಿದ್ದರೆ ಪಿವಿಸಿ ಹೊದಿಕೆಯ ಕೇಬಲನ್ನು ಅದಕ್ಕೆ ತಾಗಿಸಬೇಡಿ, ಹೊದಿಕೆಯ ಮೆದುತನ ಕೊಡುವ ರಾಸಾಯನಿಕ ಥರ್ಮಾಕೋಲಿಗೆ ಇಳಿದು ವರ್ಷಗಳಲ್ಲಿ ಕೇಬಲ್ ಪೆಡಸಾಗಿ ಬಿರಿಯುತ್ತದೆ.

ಪ್ರಶ್ನೆ: ಗೋಡೆಯ ನಡುವೆ ಅಡ್ಡಮರ ಇದೆ. ಸರಳು ಅಲ್ಲೇ ನಿಲ್ಲುತ್ತದೆ. ಉದ್ದದ ಬಳುಕುವ ಡ್ರಿಲ್ ಬಿಟ್ ಸಿಗುತ್ತದಂತೆ, ಕೊಳ್ಳಬಹುದೇ?

ಉತ್ತರ: ಸಿಗುತ್ತದೆ, ಸುಮಾರು 1.4 ಮತ್ತು 1.8 ಮೀಟರ್ ಉದ್ದದವು ಸಾಮಾನ್ಯ. ಬಾಕ್ಸಿನ ಬಾಯಿಯಿಂದ ತೂರಿಸಿ, ಗೋಡೆಯೊಳಗೆ ಬಾಗಿಸಿ ಅಡ್ಡಮರವನ್ನೋ ನೆತ್ತಿಯ ಮರವನ್ನೋ ಕೊರೆಯಬಹುದು. ಅದರ ತುದಿಯ ಬಳಿ ಸಣ್ಣ ಕಣ್ಣಿರುತ್ತದೆ, ಅದೇ ಅದರ ಜಾಣತನ. ಬಿಟ್ ಆಚೆ ಬದಿಗೆ ಮೂಡಿದ ಮೇಲೆ ಅಲ್ಲಿದ್ದವರು ಆ ಕಣ್ಣಿಗೆ ಕೇಬಲ್ ಕಟ್ಟುತ್ತಾರೆ, ನೀವು ಯಂತ್ರ ತಿರುಗಿಸದೆ ಬಿಟ್ಟನ್ನು ಹಿಂದಕ್ಕೆಳೆದರೆ ಕೇಬಲ್ ಜೊತೆಗೇ ಬರುತ್ತದೆ.

ಆದರೆ ಬಳುಕುವುದು ಎಲ್ಲಿಗೆ ಬೇಕಾದರೂ ಬಳುಕುತ್ತದೆ. ಬಿಟ್ಟಿನ ದಂಡಕ್ಕೆ ಹಾಕಿ ಅದನ್ನು ಬಾಗಿಸಿ ಹಿಡಿಯುವ ತಂತಿಯ ಹಿಡಿಕೆಯೊಂದು ಸಿಗುತ್ತದೆ, ಅದಿಲ್ಲದೆ ಶುರುಮಾಡಬೇಡಿ. ವೇಗ ಕಡಿಮೆ ಇರಲಿ. ಒಮ್ಮೆ ನಾನು ಅವಸರದಲ್ಲಿ ಬರಿಗೈಯಲ್ಲಿ ಬಾಗಿಸಿ ಕೊರೆದೆ. ಪಕ್ಕದ ಕೋಣೆಯ ಬೀರುವಿನೊಳಗೆ ಮಡಚಿಟ್ಟಿದ್ದ ನಾಲ್ಕು ಬಟ್ಟೆಗಳನ್ನು ಸುತ್ತಿಕೊಂಡು ಬಿಟ್ ನಿಂತಿತು. ಬಟ್ಟೆ ಹೋದರೆ ಹೋಗಲಿ, ಅಲ್ಲಿ ನೀರಿನ ಪೈಪೋ ಹಳೆಯ ಕೇಬಲೋ ಇದ್ದಿದ್ದರೆ? ಹಾಗಾಗಿ ಕೊರೆಯುವ ಮುಂಚೆ ಬಾಕ್ಸಿನ ಬಾಯಿಯಿಂದ ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾ ತೂರಿಸಿ ಒಳಗೊಮ್ಮೆ ನೋಡಿ. ಈಗಿನ ಸಲಕರಣೆಗಳಲ್ಲಿ ನನಗೆ ಹೊಟ್ಟೆಕಿಚ್ಚು ತರುವುದು ಅದೊಂದೇ. ನಮಗೆ ಆಗ ಸಿಕ್ಕಿದ್ದು ಹಲ್ಲಿನ ವೈದ್ಯರ ಕನ್ನಡಿ ಮತ್ತು ಟಾರ್ಚು.

ನಿಲುಮರಗಳನ್ನು ಅಡ್ಡಡ್ಡ ಕೊರೆಯಬೇಕಾಗಿ ಬಂದರೆ ಮರದ ನಡುಮಧ್ಯೆ ಕೊರೆಯಿರಿ. ಅಂಚಿನಿಂದ 32 ಮಿಲಿಮೀಟರಿಗಿಂತ ಹತ್ತಿರ ಕೊರೆದರೆ ಉಕ್ಕಿನ ರಕ್ಷಣಾ ಪಟ್ಟಿ ಹೊಡೆಯಬೇಕು ಎಂದು ಅಮೆರಿಕದ ಸಂಹಿತೆ ಹೇಳುತ್ತದೆ. ನಾಳೆ ಯಾರೋ ಅಲ್ಲೊಂದು ಪಟ ನೇತುಹಾಕಲು ಮೊಳೆ ಹೊಡೆಯುತ್ತಾರೆ.

ಪ್ರಶ್ನೆ: ಮುಖ್ಯ ಸ್ವಿಚ್ ಆರಿಸಿದ ಮೇಲೆ ದೂರದ ಬಾಕ್ಸಿನಿಂದ ಡಿಬಿ ಪೆಟ್ಟಿಗೆಯ (ಇಡೀ ಮನೆಗೆ ಕರೆಂಟು ಹಂಚುವ ಪೆಟ್ಟಿಗೆ) ಕಡೆಗೆ ಉಕ್ಕಿನ ಸ್ಪ್ರಿಂಗ್ ತಳ್ಳಬಹುದಲ್ಲವೇ?

ಉತ್ತರ: ತಳ್ಳಬಾರದು. ಮುಖ್ಯ ಸ್ವಿಚ್ ಆರಿಸಿದರೆ ಸ್ವಿಚ್ಚಿನಿಂದ ಈಚೆಗೆ ಕರೆಂಟು ನಿಲ್ಲುತ್ತದೆ. ಮೀಟರಿನಿಂದ ಸ್ವಿಚ್ಚಿಗೆ ಬರುವ ವೈರುಗಳ ತುದಿಗಳು ಅದೇ ಪೆಟ್ಟಿಗೆಯೊಳಗೆ ಜೀವಂತವಾಗಿಯೇ ಇರುತ್ತವೆ. ನೀವು ಹತ್ತು ಮೀಟರ್ ದೂರದಲ್ಲಿ ಕಾಣದ ತುದಿಯೊಂದನ್ನು ತಳ್ಳುತ್ತಿದ್ದೀರಿ. ಅದು ಪೆಟ್ಟಿಗೆಯೊಳಗೆ ಚಿಮ್ಮಿ ಎಲ್ಲಿಗೆ ತಾಗುತ್ತದೆ ಎಂದು ಹೇಳಬಲ್ಲಿರಾ? ಸ್ಪ್ರಿಂಗಿನ ಇನ್ನೊಂದು ತುದಿ ನಿಮ್ಮ ಮುಷ್ಟಿಯಲ್ಲಿದೆ. ಈ ಕೆಲಸ ಪರವಾನಗಿ ಇರುವವರದು. ಅವರೂ ಒಳಬರುವ ಕರೆಂಟನ್ನೇ ಕಡಿದು, ಉಕ್ಕಿನದರ ಬದಲು ಫೈಬರ್‌ಗ್ಲಾಸ್ ಅಥವಾ ನೈಲಾನಿನ ಸ್ಪ್ರಿಂಗನ್ನು ಪೆಟ್ಟಿಗೆಯ ಕಡೆಯಿಂದ ಹೊರಕ್ಕೆ ಬಿಡುತ್ತಾರೆ.

ಇನ್ನು ಬಾಕ್ಸುಗಳಲ್ಲಿ ಕರೆಂಟು ಇಲ್ಲವೆಂದು ನೋಡಲು ಮುಟ್ಟದೆಯೇ ಬೀಪ್ ಎನ್ನುವ ಟೆಸ್ಟರ್ ಒಂದನ್ನೇ ನೆಚ್ಚಬೇಡಿ. ಬ್ಯಾಟರಿ ಸತ್ತರೂ ಅದು ಸುಮ್ಮನಿರುತ್ತದೆ, ಕರೆಂಟು ಇಲ್ಲದಿದ್ದರೂ ಸುಮ್ಮನಿರುತ್ತದೆ. ಎರಡು ಕಡ್ಡಿಗಳ ಟೆಸ್ಟರಿನಿಂದ ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಸಾಕೆಟ್ ನೋಡಿ, ಆಮೇಲೆ ಕೆಲಸದ ಜಾಗ ನೋಡಿ, ಮತ್ತೆ ಮೊದಲಿನ ಸಾಕೆಟ್ ನೋಡಿ.

ಪ್ರಶ್ನೆ: ಕಸ ಹೀರುವ ವ್ಯಾಕ್ಯೂಮ್ ಯಂತ್ರದಿಂದ ವೈರು ಎಳೆಯಬಹುದು ಎಂದು ಯಾರೋ ಹೇಳಿದರು. ತಮಾಷೆಯೇ?

ಉತ್ತರ: ತಮಾಷೆಯಲ್ಲ, ಸೊಗಸಾದ ಉಪಾಯ. ವೈರನ್ನಲ್ಲ, ದಾರವನ್ನು. ಪ್ಲಾಸ್ಟಿಕ್ ಚೀಲದ ತುಂಡನ್ನೋ ಸ್ಪಂಜಿನ ಚೂರನ್ನೋ ಪೈಪಿನೊಳಗೆ ಸಡಿಲವಾಗಿ ಕೂರುವಂತೆ ಮಾಡಿ ತೆಳು ನೈಲಾನ್ ದಾರ ಕಟ್ಟಿ. ಆಚೆ ತುದಿಯಲ್ಲಿ ಯಂತ್ರದ ಕೊಳವೆ ಹಿಡಿದು ಸುತ್ತಲೂ ಒದ್ದೆ ಬಟ್ಟೆಯಿಂದ ಮುಚ್ಚಿ. ದಾರದ ಉಂಡೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿರಬೇಕು, ಸುರ್ರೆಂದು ಹೋಗಿಬಿಡುತ್ತದೆ. ಆ ದಾರದಿಂದ ಗಟ್ಟಿ ಹುರಿ, ಹುರಿಯಿಂದ ವೈರು. ಪೈಪು ಖಾಲಿಯಿರಬೇಕು, ನಡುವಿನ ಬಾಕ್ಸುಗಳ ಬಾಯಿ ಮುಚ್ಚಿರಬೇಕು. ಟೊಳ್ಳು ಗೋಡೆಗೆ ಇದು ನಡೆಯುವುದಿಲ್ಲ, ಗಾಳಿ ನೂರು ಕಡೆಯಿಂದ ಒಳಬರುತ್ತದೆ.

ಪ್ರಶ್ನೆ: ಇಂಟರ್ನೆಟ್ ಕೇಬಲನ್ನೂ ಕರೆಂಟಿನ ಪೈಪಿನಲ್ಲೇ ಎಳೆದುಬಿಡಲೇ?

ಉತ್ತರ: ಬೇಡ. ಕರೆಂಟಿನ ವೈರಿನ ಹೊದಿಕೆ ಒಂದೆಡೆ ಕಿತ್ತರೂ ಅದು ನಿಮ್ಮ ಕಂಪ್ಯೂಟರಿಗೂ ಅದನ್ನು ಮುಟ್ಟಿದವರಿಗೂ ತಲುಪುತ್ತದೆ, ಸಂಕೇತವೂ ಕೆಡುತ್ತದೆ. ಬೇರೆ ಪೈಪು, ಬೇರೆ ಬಾಕ್ಸು. ಎಳೆಯುವಾಗ ಕೈ ಹಗುರವಿರಲಿ. ನಾಲ್ಕು ಜೋಡಿಯ ಇಂಥ ಕೇಬಲಿಗೆ ಎಳೆತದ ಮಿತಿ 110 ನ್ಯೂಟನ್, ಹೆಚ್ಚುಕಡಿಮೆ ಹನ್ನೊಂದು ಕಿಲೋ ತೂಗಿದಷ್ಟು. ಅದಕ್ಕಿಂತ ಜಗ್ಗಿದರೆ ಒಳಗಿನ ಜೋಡಿಗಳ ಹೆಣಿಗೆ ಸಡಿಲವಾಗಿ ವೇಗ ಕುಸಿಯಬಹುದು. ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನೆ: ಒಂದೇ ಒಂದು ಸಲ ಮಾಡುವ ಕೆಲಸಕ್ಕೆ ಏನೇನು ಕೊಳ್ಳಬೇಕು?

ಉತ್ತರ: ಟೊಳ್ಳು ಗೋಡೆಯಾದರೆ ಫೈಬರ್‌ಗ್ಲಾಸ್ ಸರಳುಗಳ ಒಂದು ಕಟ್ಟು, ಅಯಸ್ಕಾಂತ, ಹುರಿ. ಪೈಪಾದರೆ 15 ಮೀಟರಿನ ಸ್ಪ್ರಿಂಗ್. ಎರಡು ಕಡ್ಡಿಗಳ ಟೆಸ್ಟರ್ ಎರಡಕ್ಕೂ ಬೇಕು. ಬಳುಕುವ ಬಿಟ್ಟನ್ನು ಯಾರಿಂದಲಾದರೂ ಎರವಲು ತನ್ನಿ. ಹತ್ತು ಬಗೆಯ ತುದಿಗಳಿರುವ ದೊಡ್ಡ ಪೆಟ್ಟಿಗೆ ನೋಡಲು ಚೆಂದ. ನನ್ನದರಲ್ಲಿ ಎಂಟು ತುದಿಗಳು ಇನ್ನೂ ಹೊಸದಾಗಿಯೇ ಇವೆ.

ಪ್ರಶ್ನೆ: ಸ್ಪ್ರಿಂಗ್ ಪೈಪಿನೊಳಗೇ ಸಿಕ್ಕಿಹಾಕಿಕೊಂಡಿದೆ. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ನಿನ್ನೆಯಿಂದ ಗೋಡೆಯಿಂದ ನೇತಾಡುತ್ತಿದೆ.

ಉತ್ತರ: ಇಕ್ಕಳ ಹಾಕಿ ಜಗ್ಗುತ್ತಿದ್ದರೆ ಮೊದಲು ನಿಲ್ಲಿಸಿ. ಕೊಕ್ಕೆ ಯಾವುದೋ ಜೋಡಣೆಯ ಅಂಚಿಗೆ ಸಿಕ್ಕಿರಬೇಕು, ಜಗ್ಗಿದಷ್ಟೂ ಅದು ಕಚ್ಚುತ್ತದೆ. ಬೆರಳಗಲ ಒಳಕ್ಕೆ ತಳ್ಳಿ, ತಿರುಚಿ, ಸಡಿಲ ಬಿಟ್ಟು ಮೆಲ್ಲಗೆ ಎಳೆಯಿರಿ. ದಿಕ್ಕು ಬದಲಿಸಿ ಮತ್ತೆ ತಿರುಚಿ. ಈ ಬದಿಯಿಂದ ಜಾರುವ ಜೆಲ್ ಸುರಿದು ಹತ್ತು ನಿಮಿಷ ಬಿಡಿ. ಆ ಪೈಪಿನಲ್ಲಿ ಬೇರೆ ವೈರುಗಳಿದ್ದರೆ ಸ್ಪ್ರಿಂಗ್ ಅವುಗಳ ನಡುವೆ ಹೆಣೆದುಕೊಂಡಿರಬಹುದು. ಆಗ ಕರೆಂಟು ಆರಿಸಿದ್ದೀರೆಂದು ಇನ್ನೊಮ್ಮೆ ನೋಡಿ, ಆ ವೈರುಗಳನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಹಿಡಿದು ಒಂದೇ ಸಮ ಎಳೆಯಬೇಕಾಗುತ್ತದೆ. ಹಾಗೆ ಎಳೆಯುವ ಮುಂಚೆ ಆಚೆ ತುದಿಯಲ್ಲಿ ವೈರುಗಳಿಗೆ ಹುರಿ ಕಟ್ಟಿರಿ, ಹೊಸ ವೈರು ಹಾಕಲು ದಾರಿ ಉಳಿದಿರುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ ಮೊದಲ ಪತ್ರದವರಿಗೆ ಹೇಳಿದಂತೆ ಅಳತೆ ಹಿಡಿಯಬೇಕು. ಆದರೆ ನಿಮ್ಮದು ಒಳಗಿರುವುದರಿಂದ ಗೋಡೆಯ ಮೇಲೆ ಮಲಗಿಸಿ ನೋಡಲಾಗದು. ಸ್ಪ್ರಿಂಗಿನ ಒಟ್ಟು ಉದ್ದದಿಂದ ಹೊರಗೆ ಉಳಿದದ್ದನ್ನು ಕಳೆಯಿರಿ, ಉಳಿದಷ್ಟು ಒಳಗಿದೆ. ಅಲ್ಲಿ ಅಂಗೈಯಗಲ ಒಡೆದು ಕೊಕ್ಕೆ ಬಿಡಿಸಿ, ಒಡೆದ ಜಾಗದಲ್ಲಿ ಒಂದು ಬಾಕ್ಸ್ ಕೂರಿಸಿ ಮುಚ್ಚಳ ಹಾಕಿ. ಹೊರಗಿನ ತುಂಡನ್ನು ಕತ್ತರಿಸಿ ಉಳಿದದ್ದನ್ನು ಒಳಗೇ ಬಿಡುವ ಯೋಚನೆ ಬೇಡ, ವೈರುಗಳ ಪಕ್ಕದಲ್ಲಿ ಚೂಪಾದ ಉಕ್ಕು ಮಲಗಿರಬಾರದು. ಹೊರತೆಗೆದ ಸ್ಪ್ರಿಂಗಿನ ಸೊಟ್ಟಗಾದ ಭಾಗವನ್ನು ಕತ್ತರಿಸಿ, ಹೊಸ ಕೊಕ್ಕೆ ಮಾಡಿಕೊಳ್ಳಿ. ಮೊದಲು ಕೆಂಪಗೆ ಕಾಯಿಸಿ, ನೀರು ಮುಟ್ಟಿಸದೆ ಆರಲು ಬಿಡಿ.